ಬೀರ್ ಹುದುಗಿಸೋ ಪಾತ್ರೆ ತಗೊಳ್ಳೋ ಮುಂಚೆ ತಳಕ್ಕೆ ಕೈ ಹೋಗುತ್ತಾ ನೋಡಿ

ಹೋದ ತಿಂಗ್ಳು ಅಕ್ಕನ ಮಗ ಅಮೆರಿಕದಿಂದ ಫೋನ್ ಮಾಡಿದ್ದ. "ಮಾಮ, ಮನೇಲೇ ಬೀರ್ ಮಾಡೋಕೆ ಶುರು ಮಾಡೋಣ ಅಂತಿದೀನಿ, ಫರ್ಮೆಂಟರ್, ಅದೇ ಹುದುಗಿಸೋ ಪಾತ್ರೆ, ಯಾವ್ದು ತಗೊಳ್ಳಲಿ, ಗ್ಲಾಸಾ, ಸ್ಟೀಲಾ, ಇಲ್ಲ ಪ್ಲಾಸ್ಟಿಕ್ ಬಕೆಟ್ ಸಾಕಾ" ಅಂದ. ನಾನು ಅಲ್ಲಿ ಒಂಬತ್ತು ವರ್ಷ ಇದ್ದಾಗ ಇದೇ ಹುಚ್ಚು ಹಿಡಿದಿತ್ತು, ಈಗ ಕೋಲಾರಕ್ಕೆ ವಾಪಸ್ ಬಂದು ತೋಟ ನೋಡ್ಕೊಂಡಿದೀನಿ. ಒಂದು ಗಂಟೆ ಫೋನಲ್ಲೇ ಪಾಠ ಮಾಡ್ದೆ. ಮಾರನೇ ದಿನ ಅವನ ರೂಮ್‌ಮೇಟು ಮತ್ತೆ ಅದನ್ನೇ ಕೇಳಿದ್ನಂತೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ.

ಮೊದ್ಲೇ ಒಂದು ವಿಷ್ಯ ಹೇಳಿಬಿಡ್ತೀನಿ, ಆಮೇಲೆ ಯಾರೂ ನನ್ನ ಬೈಕೋಬಾರ್ದು. ನಮ್ಮ ಕರ್ನಾಟಕದಲ್ಲಿ ಲೈಸೆನ್ಸ್ ಇಲ್ದೆ ಮದ್ಯ ತಯಾರು ಮಾಡೋದು ಅಪರಾಧ, 1965ರ ಅಬಕಾರಿ ಕಾಯ್ದೆ ಇದೆ, ಮನೆ ಬಳಕೆಗೆ ಸ್ವಲ್ಪ ತಾನೇ ಅಂತ ವಿನಾಯಿತಿ ಕೇಳೋಕಾಗಲ್ಲ. ಅಮೆರಿಕದಲ್ಲೂ ತುಂಬಾ ವರ್ಷ ಕಾನೂನು ಬಿಟ್ಟಿರ್ಲಿಲ್ಲ, 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಮೇಲೆ, ಅಂದ್ರೆ 1979ರಿಂದ, ದೊಡ್ಡವರು ಒಬ್ಬರೇ ಇರೋ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ರು ಅಥವಾ ಹೆಚ್ಚು ಜನ ಇದ್ರೆ 200 ಗ್ಯಾಲನ್ ತನಕ ತೆರಿಗೆ ಇಲ್ದೆ ಮಾಡ್ಕೋಬೋದು, ಮಾರೋ ಹಾಗಿಲ್ಲ. ರಾಜ್ಯದ ರೂಲ್ಸ್ ಬೇರೆ ಇರುತ್ತೆ, ನೋಡ್ಕೊಳ್ಳಿ. ಸೋ ಬೀರಿನ ಮಾತು ಅಲ್ಲಿರೋರಿಗೆ. ಇಲ್ಲಿರೋರು ಅಂಬಲಿ, ಉಪ್ಪಿನಕಾಯಿ, ಕೊಂಬುಚಾ (ಹುದುಗಿಸಿದ ಟೀ) ಅಂತ ಏನಾದ್ರೂ ಮಾಡ್ತಿದ್ರೆ ಪಾತ್ರೆ ವಿಷ್ಯ ಅರ್ಧಕ್ಕರ್ಧ ಅದೇ, ಅದನ್ನೂ ಮಧ್ಯೆ ಮಧ್ಯೆ ಹೇಳ್ತೀನಿ.

ಇನ್ನೊಂದು, ನಾವು ಇಡ್ಲಿ ಹಿಟ್ಟಿಗೆ ಹುಳಿ ಬಂತು ಅಂತೀವಲ್ಲ, ಬೀರಿಗೆ ಹಂಗೆ ಅನ್ನೋಕಾಗಲ್ಲ, ಬೀರಿಗೆ ಹುಳಿ ಬಂದ್ರೆ ಕೆಟ್ಟೋಯ್ತು ಅಂತ ಅರ್ಥ. ಅದಕ್ಕೆ ಹುದುಗೋದು ಅಂತೀನಿ.

ಸರಿ. ಅಂಗಡಿಗೆ ಹೋದ್ರೆ ತಳ ಲಾಳಿಕೆ ತರ ಚೂಪಾಗಿರೋ, ಹೊಳೆಯೋ ಸ್ಟೀಲ್ ಕೋನಿಕಲ್, ಸಿನಿಮಾದಲ್ಲಿ ಬರೋ ಲ್ಯಾಬ್ ತರ ಗ್ಲಾಸ್ ಬುಡ್ಡಿ ಎಲ್ಲಾ ಕಣ್ಣು ಕುಕ್ಕುತ್ತೆ. ಅದ್ಯಾವ್ದನ್ನೂ ನೋಡ್ಬೇಡಿ, ಮುಚ್ಚಳ ತೆಗ್ದು ತೋಳು ಮಡಚಿ ಒಳಗೆ ಕೈ ಹಾಕಿ. ಮೊಣಕೈ ದಾಟಿ ಹೋಗಿ ತಳದ ಮೂಲೆ ಬೆರಳಿಗೆ ಸಿಕ್ತಾ? ಸಿಕ್ರೆ ಮೊದಲನೇ ಫರ್ಮೆಂಟರ್ ಆಗೋ ಯೋಗ್ಯತೆ ಅದಕ್ಕಿದೆ. ಬೀರ್ ಮಾಡೋದ್ರಲ್ಲಿ ಮುಕ್ಕಾಲು ಕೆಲ್ಸ ಪಾತ್ರೆ ತೊಳೆಯೋದೇ, ಇದನ್ನ ಯಾರೂ ವಿಡಿಯೋದಲ್ಲಿ ತೋರ್ಸಲ್ಲ. ಎರಡು ವಾರ ಆದ್ಮೇಲೆ ಪಾತ್ರೆ ಕಂಠದ ಸುತ್ತ ಒಣಗಿದ ನೊರೆ ಕಂದು ಬಣ್ಣಕ್ಕೆ ತಿರುಗಿ, ಹಾಲು ಉಕ್ಕಿ ಸ್ಟೌ ಮೇಲೆ ಒಣಗಿರುತ್ತಲ್ಲ, ಹಂಗೆ ಕಚ್ಕೊಂಡಿರುತ್ತೆ. ಕೈ ಹೋಗದ ಪಾತ್ರೆಲಿ ಅದನ್ನ ತೆಗೆಯೋಕೆ ಬಾಗಿದ ಬ್ರಷ್ಷು, ಬಿಸಿನೀರು, ರಾತ್ರಿಯೆಲ್ಲಾ ನೆನೆಸೋದು, ಸಾಕಪ್ಪಾ ಸಾಕು.

ಅದಕ್ಕೆ ನನ್ನ ಓಟು ಅಗಲ ಬಾಯಿಯ ಫುಡ್ ಗ್ರೇಡ್ ಪ್ಲಾಸ್ಟಿಕ್ ಬಕೆಟ್ಟಿಗೆ. ತಳದಲ್ಲಿ ತ್ರಿಕೋನದೊಳಗೆ 2 ಅಂತ ಇದ್ರೆ ಎಚ್‌ಡಿಪಿಇ, ಹೆಚ್ಚಿನ ಫರ್ಮೆಂಟರ್ ಬಕೆಟ್ ಅದರದ್ದೇ. ಬರೀ ನಂಬರ್ ನೋಡಿ ಫುಡ್ ಗ್ರೇಡ್ ಅಂದ್ಕೋಬೇಡಿ, ನಂಬರ್ ಪ್ಲಾಸ್ಟಿಕ್ ಯಾವ ಜಾತಿ ಅಂತ ಹೇಳುತ್ತೆ ಅಷ್ಟೇ, ಊಟದ ಪದಾರ್ಥಕ್ಕೆ ಅಂತಲೇ ಮಾಡಿದ್ದಾ ಅನ್ನೋದು ಬೇರೆ. ಪೇಂಟ್ ಡಬ್ಬನೂ ಹೆಚ್ಚುಕಮ್ಮಿ ಅದೇ ಆಕಾರ, ತೊಳೆದು ಸ್ನಾನಕ್ಕೆ ನೀರು ತುಂಬ್ಸೋಕೆ ಓಕೆ, ಬಾಯಿಗೆ ಹೋಗೋದಕ್ಕೆ ಬೇಡ್ವೇ ಬೇಡ. ನೀಲಿ ಡ್ರಮ್ ಸೆಕೆಂಡ್ ಹ್ಯಾಂಡಲ್ಲಿ ಸಿಕ್ರೂ ಅಷ್ಟೇ, ಮುಂಚೆ ಅದ್ರಲ್ಲಿ ಏನಿತ್ತು ಅಂತ ಮಾರೋನಿಗೇ ಗೊತ್ತಿರಲ್ಲ.

ಪ್ಲಾಸ್ಟಿಕ್ಕಿನ ಶತ್ರು ಗೀರು. ಇದನ್ನ ನಾನು ಕಲಿತಿದ್ದು ಅಮ್ಮನಿಂದ, ಅವಳಿಗೇ ಗೊತ್ತಿಲ್ದೆ. ಅಮ್ಮ ಆರು ತಿಂಗ್ಳು ನಮ್ಮ ಜೊತೆ ಇರೋಕೆ ಬಂದಿದ್ಲು, ನಾನು ಆಫೀಸಿಂದ ಬಂದು ನೋಡ್ತೀನಿ, ಬಾತ್‌ರೂಮಲ್ಲಿ ನೆನೆ ಹಾಕಿದ್ದ ನನ್ನ ಫರ್ಮೆಂಟರು ಬಾಲ್ಕನಿಲಿ ಬಿಸಿಲಿಗೆ ಬೋರಲು ಬಿದ್ದಿದೆ, ಫಳಫಳ ಅಂತಿದೆ. "ಏನೋ ಅದು, ಗಬ್ಬು ನಾತ ಹೊಡೀತಿತ್ತು, ಉಜ್ಜಿ ಇಟ್ಟಿದೀನಿ" ಅಂದ್ಲು. ಯಾವುದ್ರಲ್ಲಿ ಉಜ್ಜಿದೆ ಅಂದ್ರೆ ಸ್ಟೀಲ್ ನಾರಲ್ಲಿ! ಒಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಸುತ್ತ ಕೂದಲೆಳೆ ತರ ಸಾವಿರ ಗೀರು. ಏನಾಗುತ್ತೆ ಬಿಡು ಅಂತ ಅದರಲ್ಲೇ ಮುಂದಿನ ಬ್ಯಾಚ್ ಹಾಕ್ದೆ, ಮೂರು ವಾರಕ್ಕೆ ನಿಂಬೆಹಣ್ಣು ಹಿಂಡಿದಂಗೆ ಆಗಿತ್ತು. ಅದಾದ ಮೇಲಿನದೂ ಹಂಗೇ. ಗೀರಿನೊಳಗೆ ಬ್ಯಾಕ್ಟೀರಿಯಾ ಕೂತ್ರೆ ಸ್ಯಾನಿಟೈಸರ್ ಅಲ್ಲಿಗೆ ಸರಿಯಾಗಿ ತಲುಪಲ್ಲ. ಬಕೆಟ್ಟನ್ನ ಗಿಡ ಹಾಕೋಕೆ ಕೊಟ್ಟೆ, ಅಮ್ಮ ಅದ್ರಲ್ಲೇ ಮೆಣಸಿನ ಗಿಡ ಬೆಳೆಸಿ ಖುಷಿಪಟ್ಲು. ಸ್ಪಂಜು ಇಲ್ಲ ಮೆತ್ತನೆ ಬಟ್ಟೆ, ಅಷ್ಟೇ. ಒಳಗೊಳಗೆ ಪಾತ್ರೆ ಜೋಡಿಸಿ ಇಡೋದೂ ಬೇಡ.

ಪ್ಲಾಸ್ಟಿಕ್ ವಾಸನೇನೂ ಹಿಡ್ಕೊಳ್ಳುತ್ತೆ. ಇದಕ್ಕೆ ಅಮ್ಮನ ಟೆಸ್ಟು ಚೆನ್ನಾಗಿದೆ, ಉಪ್ಪಿನಕಾಯಿ ಡಬ್ಬಕ್ಕೆ ಅವಳು ಮಾಡೋದು: ತೊಳೆದು ಒಣಗ್ಸಿ, ಮುಚ್ಚಳ ಬಿಗಿಯಾಗಿ ಹಾಕಿ ರಾತ್ರಿ ಇಡಿ, ಬೆಳಿಗ್ಗೆ ಕಾಫಿ ಕುಡಿಯೋ ಮುಂಚೆ ಮುಚ್ಚಳ ತೆಗ್ದ ತಕ್ಷಣ ಮೂಸಿ. ಏನಾದ್ರೂ ಹಳೇ ವಾಸನೆ ಬಂದ್ರೆ ಅದು ಬೀರಲ್ಲೂ ಬರುತ್ತೆ. ಯಾರೋ ಹೋಟೆಲಿನವರು ಕೊಟ್ಟ ಉಪ್ಪಿನಕಾಯಿ ಬಕೆಟ್ ಫ್ರೀ ಅಂತ ತಂದು ಒದ್ದಾಡೋರಿಗೆ ಈ ಟೆಸ್ಟು ಮುಖ್ಯ.

ಅಳತೆ ವಿಷ್ಯಕ್ಕೆ ಬರೋಣ, ಜನ ಎಡವೋದೇ ಇಲ್ಲಿ. ಅಲ್ಲಿ ಸಾಮಾನ್ಯ ರೆಸಿಪಿ 5 ಗ್ಯಾಲನ್, ಅಂದ್ರೆ ಸುಮಾರು 19 ಲೀಟರ್. ಹಂಗಂತ 19 ಲೀಟರಿನ ಪಾತ್ರೆ ತಗೊಂಡ್ರೆ ಮುಗೀತು ಕಥೆ. ಯೀಸ್ಟ್ ಶುರು ಹಚ್ಕೊಂಡ್ರೆ ನಾಲ್ಕು ಬೆರಳಿಂದ ಒಂದು ಗೇಣು ತನಕ ನೊರೆ ಏಳುತ್ತೆ, ಅದಕ್ಕೆ ಕಾಲು ಭಾಗದಷ್ಟು ಜಾಗ ಖಾಲಿ ಬಿಡ್ಬೇಕು. 6.5 ಗ್ಯಾಲನ್ ಪಾತ್ರೆ, ಸುಮಾರು 25 ಲೀಟರ್, 19 ಲೀಟರಿಗೆ ಸರಿಯಾದ ಜೋಡಿ. ನಾನು ಒಂದ್ಸಲ ಗೋಧಿ ಬೀರನ್ನ 5 ಗ್ಯಾಲನ್ ಗ್ಲಾಸ್ ಬುಡ್ಡಿಲಿ ಕಂಠದ ತನಕ ತುಂಬಿಸಿ ಮಲಗಿದೆ. ನೊರೆ ಜೊತೆ ಹಾಪ್ಸ್ ಅನ್ನೋ ಕಹಿ ಹೂವಿನ ಚೂರು ಮೇಲೆ ಬಂದು ಏರ್‌ಲಾಕ್ (ಗ್ಯಾಸ್ ಹೊರಗೆ ಬಿಡೋ ಕೊಳವೆ) ತೂತಿಗೆ ಕೂತ್ಕೊಂಡಿದೆ. ರಾತ್ರಿ ಎರಡು ಗಂಟೆಗೆ ಪಟಾಕಿ ಹೊಡೆದಂಗೆ ಸದ್ದು, ರಬ್ಬರ್ ಬಿರಡೆ ಸೂರಿಗೆ ಹೊಡೆದು ಅಲ್ಲಿಂದ ಬಟ್ಟೆ ರ‍್ಯಾಕ್ ಮೇಲೆ ಬಿದ್ದಿತ್ತು, ಸೂರಲ್ಲಿ ಕಂದು ಕಲೆ, ಮನೆ ಖಾಲಿ ಮಾಡುವಾಗ ಅಡ್ವಾನ್ಸಲ್ಲಿ ದುಡ್ಡು ಮುರ್ಕೊಂಡ್ರು. ಬಿರಡೆ ಹಾರಿದ್ದು ಪುಣ್ಯ, ಹಾರದೆ ಬುಡ್ಡಿನೇ ಒಡೆದಿದ್ರೆ?

ಲೆಕ್ಕ ಹಾಕಿ ನೋಡಿ, ಒಂದು ಕೆಜಿ ಸಕ್ಕರೆ ಪೂರ್ತಿ ಹುದುಗಿದ್ರೆ ಹತ್ತಿರ ಹತ್ತಿರ ಅರ್ಧ ಕೆಜಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತೆ, ಗ್ಯಾಸಾಗಿ ಸುಮಾರು 250 ಲೀಟರ್. ಅದು ಎಲ್ಲಾದ್ರೂ ಹೋಗ್ಲೇಬೇಕು. ಗಾಳಿ ಒಳಗೆ ಬರ್ಬಾರ್ದು, ಗ್ಯಾಸ್ ಹೊರಗೆ ಹೋಗ್ಬೇಕು, ಇಷ್ಟಕ್ಕೆ ಏರ್‌ಲಾಕ್ ಅನ್ನೋ ನೀರಿನ ಚಿಕ್ಕ ಕೊಳವೆ. ಮೊದಲ ಮೂರು ದಿನ ಅದರ ಬದ್ಲು ದಪ್ಪ ಪೈಪ್ ಹಾಕಿ ಅದರ ತುದಿನ ನೀರಿನ ಜಗ್ಗಲ್ಲಿ ಮುಳುಗ್ಸಿ ಇಟ್ರೆ ಇನ್ನೂ ನೆಮ್ಮದಿ. ಮಾಮೂಲಿ ಬಕೆಟ್ಟನ್ನಾಗ್ಲಿ ಗ್ಲಾಸನ್ನಾಗ್ಲಿ ಗಾಳಿ ಆಡದಂಗೆ ಬಿಗಿದು ಇಡ್ಬೇಡಿ, ಕಿಟಕಿ ಇಲ್ದಿರೋ ಚಿಕ್ಕ ರೂಮಲ್ಲೂ ಇಡ್ಬೇಡಿ. ಬಕೆಟ್ ಮುಚ್ಚಳ ಎಷ್ಟೋ ಸಲ ಅಂಚಲ್ಲಿ ಸ್ವಲ್ಪ ಲೀಕ್ ಆಗಿ ಏರ್‌ಲಾಕಲ್ಲಿ ಗುಳ್ಳೆನೇ ಬರಲ್ಲ, ಅಯ್ಯೋ ಯೀಸ್ಟ್ ಸತ್ತೋಯ್ತು ಅಂತ ಗಾಬರಿ ಬೀಳ್ಬೇಡಿ, ಹೈಡ್ರೋಮೀಟರ್, ಅಂದ್ರೆ ಸಕ್ಕರೆ ಎಷ್ಟು ಉಳಿದಿದೆ ಅಂತ ತೋರ್ಸೋ ತೇಲು ಕೊಳವೆ, ಇಳಿಸಿ ನೋಡಿ. ಎರಡು ಮೂರು ದಿನ ಒಂದೇ ರೀಡಿಂಗ್ ನಿಂತ್ರೆ ಮುಗೀತು ಅಂತ.

ಗ್ಲಾಸಿನ ಗುಣ ಏನಂದ್ರೆ ಗೀರು ಬೀಳಲ್ಲ, ವಾಸನೆ ಹಿಡಿಯಲ್ಲ, ಒಳಗಿನ ಕುಣಿತ ಎಲ್ಲಾ ಕಾಣುತ್ತೆ, ಆಕ್ಸಿಜನ್ ನುಸುಳಲ್ಲ. ಪ್ಲಾಸ್ಟಿಕ್ ಮೂಲಕ ತುಂಬಾ ನಿಧಾನಕ್ಕೆ ನುಸುಳುತ್ತೆ, ಎರಡು ಮೂರು ವಾರಕ್ಕೆ ಏನೂ ಆಗಲ್ಲ, ಸ್ಟ್ರಾಂಗ್ ಬೀರನ್ನ ತಿಂಗಳುಗಟ್ಲೆ ಇಡೋರಿಗೆ ಮಾತ್ರ ಗ್ಲಾಸೋ ಸ್ಟೀಲೋ ಬೇಕು. ಆದ್ರೆ ತುಂಬಿದ ಬುಡ್ಡಿ ಇಪ್ಪತ್ತೈದು ಕೆಜಿ ಹತ್ರ, ಕೈ ಒದ್ದೆ, ಸೋಪು ಬೇರೆ. ಜಾರಿದ್ರೆ ಕಾಲಿನ ನರ ಕತ್ತರಿಸೋ ಗಾಜು. ಬಿಸಿನೀರು ಸುರಿದ್ರೆ ಸಿಡಿಯುತ್ತೆ. ಬೆಳಕು ಬಿದ್ರೆ ಹಾಪ್ಸ್ ಕೆಟ್ಟು ಒಂಥರಾ ಕಮಟು ನಾತ ಬರುತ್ತೆ, ಬೀರನ್ನ ಕಂದು ಬಾಟ್ಲಲ್ಲಿ ತುಂಬೋದು ಅದಕ್ಕೇ, ಸೋ ಬುಡ್ಡಿಗೆ ಹಳೇ ಪಂಚೆ ಸುತ್ಬೇಕು, ಸುತ್ತಿದ ಮೇಲೆ ಕಾಣೋದೇನು ಬಂತು. ನಾನಂತೂ ಹೊಸಬರಿಗೆ ಗ್ಲಾಸ್ ಹೇಳಲ್ಲ.

ಸ್ಟೀಲ್ ಒಳ್ಳೇದು, ದುಡ್ಡಿದ್ರೆ. 304 ಗ್ರೇಡ್ ಇರ್ಲಿ. ಬ್ಲೀಚ್ ಹಾಕಿ ನೆನೆಸ್ಬೇಡಿ, ಕ್ಲೋರಿನ್‌ಗೆ ಸ್ಟೀಲಲ್ಲಿ ಸೂಜಿ ಚುಚ್ಚಿದಂಗೆ ಗುಳಿ ಬೀಳುತ್ತೆ. ಕೋನಿಕಲ್‌ನಲ್ಲಿ ತಳದ ಗಸಿನ ನಲ್ಲಿ ತಿರುಗ್ಸಿ ಬಿಡಬೋದು, ಚೆಂದ, ಆದ್ರೆ ವಾಲ್ವು, ಗ್ಯಾಸ್ಕೆಟ್ಟು, ಕ್ಲಾಂಪು ಒಂದೊಂದನ್ನೂ ಪ್ರತಿ ಸಲ ಬಿಚ್ಬೇಕು. ನಲ್ಲಿ ಇರೋ ಬಕೆಟ್ಟಿಗೂ ಇದೇ ಮಾತು, ಕುಕ್ಕರ್ ಗ್ಯಾಸ್ಕೆಟ್ ತೆಗ್ದು ತೊಳೆಯಲ್ವಾ, ಹಂಗೆ ನಲ್ಲಿ ಬಿಚ್ಚಿ ಥ್ರೆಡ್ಡಿನೊಳಗಿನ ಅಂಟು ತೆಗೀಬೇಕು. ಸೋಂಬೇರಿ ಆಗಿದ್ರೆ ನಲ್ಲಿ ಇಲ್ಲದ್ದನ್ನೇ ತಗೊಂಡು ಸೈಫನ್ ಪೈಪಲ್ಲಿ ಎಳ್ಕೊಳ್ಳಿ.

ಈಗ ನಮ್ಮೂರಿನ ಪಾತ್ರೆಗಳು, ಯಾಕಂದ್ರೆ "ಹಾಲಿನ ಕ್ಯಾನ್ ಆಗಲ್ವಾ ಮಾಮ" ಅಂತ ಅವನೂ ಕೇಳ್ದ, ಕೋಲಾರದ ಹುಡುಗ ಅಲ್ವಾ, ಡೈರಿ ಮುಂದೆ ಕ್ಯೂ ನಿಂತು ಬೆಳೆದೋನು. ಸ್ಟೀಲ್ ಕ್ಯಾನ್ ಆದ್ರೆ ಪರವಾಗಿಲ್ಲ, ಕೈ ಹೋಗುತ್ತೆ, ಮುಚ್ಚಳಕ್ಕೆ ತೂತು ಮಾಡಿ ಏರ್‌ಲಾಕ್ ಕೂರಿಸ್ಬೇಕು. ಅಲ್ಯೂಮಿನಿಯಂ ಕ್ಯಾನ್ ಬೇಡ, ಕೆಡದಿರೋ ಬೀರಲ್ಲೂ ಸ್ವಲ್ಪ ಆಮ್ಲ ಇರುತ್ತೆ, ವಾರಗಟ್ಲೆ ಅದ್ರಲ್ಲಿ ಕೂರ್ಬಾರ್ದು. ಹಿತ್ತಾಳೆ ತಾಮ್ರ ಅಂತೂ ಕೇಳ್ಲೇಬೇಡಿ, ಕಲಾಯಿ ಇಲ್ಲದ ಹಿತ್ತಾಳೆಲಿ ಮಜ್ಜಿಗೆ ಇಟ್ರೆ ಕಿಲುಬು ಬರೋದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. 20 ಲೀಟರ್ ನೀರಿನ ಕ್ಯಾನು ಬಾಯಿ ಚಿಕ್ಕದು, ಕೈ ಹೋಗಲ್ಲ, ಅಲ್ಲಿಗೆ ಅದೂ ಔಟ್.

ಮಣ್ಣಿನ ಮಡಕೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಅಮ್ಮ ರಾಗಿ ಅಂಬಲಿಗೆ ಒಂದೇ ಮಡಕೆ ಇಟ್ಕೊಂಡಿದಾಳೆ, ಅದಕ್ಕೆ ಬೇರೇನೂ ಹಾಕೋಕೆ ಬಿಡಲ್ಲ, ಸೋಪು ಮುಟ್ಟಿಸಲ್ಲ, ಬರೀ ಬಿಸಿನೀರು. ಮಣ್ಣಿನ ಸಣ್ಣ ಸಣ್ಣ ರಂಧ್ರದಲ್ಲಿ ಹಿಂದಿನ ಅಂಬಲಿಯ ಹುಳಿ ಕೂತಿರುತ್ತೆ, ಮರುದಿನ ಅದೇ ಹೆಪ್ಪಿನ ತರ ಕೆಲ್ಸ ಮಾಡುತ್ತೆ, ಹೊಸ ಮಡಕೆಲಿ ಆ ರುಚಿ ಬರೋಕೆ ವಾರ ಬೇಕು. ಬೀರಿಗೆ ಬೇಕಾಗಿರೋದು ಪಕ್ಕಾ ಉಲ್ಟಾ, ಹೋದ ಸಲದ್ದು ಏನೂ ಉಳೀಬಾರ್ದು, ನಾವು ಹಾಕಿದ ಯೀಸ್ಟ್ ಬಿಟ್ರೆ ಬೇರೆ ಯಾರಿಗೂ ಜಾಗ ಇರ್ಬಾರ್ದು. ಗೀರು ಬಿದ್ದ ನನ್ನ ಬಕೆಟ್ಟು ಮಾಡಿದ್ದೂ ಮಡಕೆ ಕೆಲಸಾನೇ.

ಕೊಂಬುಚಾಗೆ ಇನ್ನೊಂದು ತಿರುವು, ಅದಕ್ಕೆ ಗಾಳಿ ಬೇಕು, ಏರ್‌ಲಾಕ್ ಹಾಕ್ಬೇಡಿ, ಅಗಲ ಬಾಯಿ ಗಾಜಿನ ಜಾಡಿಗೆ ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಕಟ್ಟಿ ಸಾಕು.

ತಣ್ಣಗಿಡೋದೂ ಪಾತ್ರೆ ಲೆಕ್ಕದಲ್ಲೇ ಬರುತ್ತೆ. ಏಲ್ ಅನ್ನೋ ಜಾತಿ ಬೀರಿನ ಯೀಸ್ಟಿಗೆ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಹಿತ, ಹುದುಗುವಾಗ ಒಳಗೆ ರೂಮಿಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ ಆಗುತ್ತೆ. ಎಸಿ ಸಾಲದಿದ್ರೆ ಅಗಲವಾದ ಟಬ್ಬಲ್ಲಿ ಅರ್ಧ ನೀರು, ಅದರ ಮಧ್ಯೆ ಬಕೆಟ್, ಮೇಲೆ ಹಳೇ ಬನಿಯನ್ನು ಹೊದಿಸಿ ಅಂಚು ನೀರಲ್ಲಿ ಮುಳುಗೋ ಹಂಗೆ ಬಿಡಿ, ಫ್ಯಾನ್ ಹಾಕಿ. ಬೇಸಿಗೆಲಿ ನೀರಿನ ಮಡಕೆಗೆ ಒದ್ದೆ ಗೋಣಿ ಸುತ್ತಲ್ವಾ, ಅದೇ. ಅದಕ್ಕೆ ಪಾತ್ರೆ ತಗೊಳ್ಳೋ ಮುಂಚೆ ಅದು ಕೂರೋ ಜಾಗ, ಫ್ರಿಜ್ಜೋ ಟಬ್ಬೋ, ಟೇಪ್ ಹಿಡಿದು ಅಳೀರಿ, ಏರ್‌ಲಾಕ್ ಎತ್ತರ ಸೇರಿಸಿ.

ತೊಳೆಯೋಕೆ ವಾಸನೆ ಇಲ್ಲದ ಪರ್‌ಕಾರ್ಬೊನೇಟ್ ಪುಡಿ, ಆಮೇಲೆ ಸ್ಟಾರ್ ಸ್ಯಾನ್ ತರದ ಸ್ಯಾನಿಟೈಸರ್ 19 ಲೀಟರ್ ನೀರಿಗೆ 30 ಎಂಎಲ್ ಬೆರೆಸಿ, ಒಂದೆರಡು ನಿಮಿಷ ಎಲ್ಲಾ ಕಡೆ ತಾಗಿಸಿ ಚೆಲ್ಲಿ, ನೀರಲ್ಲಿ ಮತ್ತೆ ತೊಳೆಯೋದು ಬೇಡ. ನಮ್ಮ ಬೋರ್ ನೀರಿನ ಬಿಳಿ ಕರೆ ಗೊತ್ತಲ್ಲ, ಗಡಸು ನೀರಿರೋ ಊರಲ್ಲಿ ಅದು ಫರ್ಮೆಂಟರಿಗೂ ಕಟ್ಟುತ್ತೆ, ವಿನೆಗರ್ ಹಾಕಿ ಬಿಡಿಸ್ಬೇಕು, ಉಜ್ಜಬಾರ್ದು.

ಮೊನ್ನೆ ಭಾನುವಾರ ಹುಡುಗ ಅಂಗಡಿಯಿಂದಲೇ ವಿಡಿಯೋ ಕಾಲ್ ಮಾಡಿದ್ದ, ಬಿಳಿ ಬಕೆಟ್ಟಿನೊಳಗೆ ಭುಜದ ತನಕ ಕೈ ಬಿಟ್ಟು "ತಳ ಸಿಕ್ತು ಮಾಮ" ಅಂತ ಹಲ್ಲು ಕಿರೀತಿದಾನೆ. ಮೊದ್ಲು ವಾಚ್ ಬಿಚ್ಚೋ, ಗೀರು ಬೀಳುತ್ತೆ ಅಂದೆ.