ಹೂಕುಂಡದಲ್ಲಿ ಸಿಕ್ಕ ಹೆದೆ

ಹಾಸನದಲ್ಲಿ ನನ್ನ ತಂಗಿ ಮನೆ ಮುಂದೆ ಎರಡು ಸಿಮೆಂಟ್ ಕುಂಡ ಇವೆ. ಎರಡರಲ್ಲೂ ಕತ್ತಿಯ ಹಾಗೆ ನೆಟ್ಟಗೆ ನಿಂತ ಸ್ನೇಕ್ ಪ್ಲಾಂಟ್. ರಾತ್ರಿ ಹೊತ್ತೂ ಆಕ್ಸಿಜನ್ ಕೊಡುತ್ತೆ ಅಂತ ಯಾರೋ ಹೇಳಿದ್ದಕ್ಕೆ ತಂದಿದ್ದಳು. ಆಕ್ಸಿಜನ್ ವಿಷಯ ಬಿಡಿ. ಆ ಎಲೆಯೊಳಗೆ ಬಿಲ್ಲಿನ ಹೆದೆ ಇದೆ ಅಂತ ತಿಳಿಯುವಷ್ಟರಲ್ಲಿ ನನಗೆ ಎರಡು ವರ್ಷ ಹಿಡಿಯಿತು, ಎರಡು ಬಿಲ್ಲು ಹೋದವು, ಕೆನ್ನೆ ಮೇಲೆ ಒಂದು ಬಾಸುಂಡೆ ಎದ್ದಿತು.

ನಾನು ಮೋಟರ್ ವೈಂಡಿಂಗ್ ಮಾಡುವವನು. ಬೇಸಿಗೆಯಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಸುಟ್ಟ ಬೋರ್‌ವೆಲ್ ಮೋಟರುಗಳು ಅಂಗಡಿ ಮುಂದೆ ಸಾಲು ಹಿಡಿದು ಮಲಗಿರುತ್ತವೆ. ಮಳೆ ಹಿಡಿಯಿತೋ, ನೊಣ ಹೊಡೆಯುವ ಕೆಲಸ. ಆಗ ಆಲೂರು ಕಡೆಯ ನಮ್ಮ ಊರಿಗೆ ಹೋಗುತ್ತೇನೆ. ಅವ್ವ ಅಲ್ಲೇ ಇದ್ದಾಳೆ. ತೋಟದ ಅಂಚಿಗೆ ಅಪ್ಪನ ಕಾಲದ ಬಿದಿರು ಮೆಳೆ ಇದೆ.

ಶುರುವಾಗಿದ್ದು ಮಗಳ ಸ್ಕೂಲಿನ ವೇಷಭೂಷಣ ಸ್ಪರ್ಧೆಯಿಂದ. ಅವಳು ಏಕಲವ್ಯ ಆಗಬೇಕಿತ್ತು. ಮೆಳೆಯಿಂದ ಒಂದು ಹಸಿ ಬಿದಿರು ಕಡಿದು, ಸೀಳಿ, ಬಗ್ಗಿಸಿ, ನೈಲಾನ್ ಹಗ್ಗ ಕಟ್ಟಿ ಕೊಟ್ಟೆ. ಸ್ಪರ್ಧೆ ಮುಗಿದ ಮೇಲೆ ಅವಳು ಕೇಳಿದಳು, "ಅಪ್ಪಾ, ಇದು ನಿಜವಾಗ್ಲೂ ಹೊಡೆಯುತ್ತಾ?" ಅಂಗಳದಲ್ಲಿ ನಿಂತು ಒಂದು ಕಡ್ಡಿ ಬಿಟ್ಟೆ. ಹತ್ತು ಹೆಜ್ಜೆ ಆಚೆ ಸುಮ್ನೆ ಬಿತ್ತು, ಸುಸ್ತಾದ ಹಾಗೆ. ಹಗ್ಗ ಬಿಚ್ಚಿದರೆ ಬಿದಿರು ನೆಟ್ಟಗಾಗಲೇ ಇಲ್ಲ, ಬಗ್ಗಿದಂತೆಯೇ ಉಳಿಯಿತು. ಹಸಿ ಬಿದಿರಿನ ಹಣೆಬರಹವೇ ಅದು. ಬಗ್ಗುತ್ತದೆ, ವಾಪಸ್ ಬರುವುದಿಲ್ಲ. ನೈಲಾನ್ ಬೇರೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಬಿಲ್ಲಿನ ಶಕ್ತಿಯೆಲ್ಲ ಹಗ್ಗ ಹಿಗ್ಗಿಸುವುದಕ್ಕೇ ಖರ್ಚು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಗಾದೆ ಇದೆ ಅಲ್ವಾ. ಬಿಲ್ಲು ಮಾಡುವವನಿಗೆ ಅದು ಪೂರಾ ಉಲ್ಟಾ. ಎಳೆಯ ಬಿದಿರು ಬಗ್ಗಿ ಹಾಗೇ ಇದ್ದುಬಿಡುತ್ತದೆ. ಬಲಿತು ಒಣಗಿದ್ದು ಬಗ್ಗಿದರೂ ಮತ್ತೆ ಎದ್ದು ನಿಲ್ಲುತ್ತದೆ.

ನಮ್ಮೂರ ಹತ್ತಿರದ ಸಂತೆಗೆ ಬುಟ್ಟಿ, ಮೊರ ತರುವ ಮೇದರ ಅಜ್ಜ ಒಬ್ಬರಿದ್ದಾರೆ. ಎರಡನೇ ಸಲ ಅವರನ್ನೇ ಮೆಳೆ ಹತ್ತಿರ ಕರೆದುಕೊಂಡು ಹೋದೆ. ಮೈಮೇಲೆ ಬಿಳಿ ಪುಡಿ, ಗೆಣ್ಣಿನಲ್ಲಿ ಹಾಳೆ ಅಂಟಿಕೊಂಡಿರುವುದು ಎಳೆಯದು. ಪುಡಿ ಉದುರಿ, ಬಣ್ಣ ಮಂಕಾಗಿ, ಅಲ್ಲಲ್ಲಿ ಬೂದು ಕಲೆ ಕಟ್ಟಿರುವುದು ಬಲಿತದ್ದು. ಮೂರು ನಾಲ್ಕು ವರ್ಷ ಆಗಿರಬೇಕು. ಅಜ್ಜ ಕತ್ತಿಯ ಹಿಂಬದಿಯಿಂದ ಒಂದೊಂದಕ್ಕೂ ತಟ್ಟುತ್ತಾ ಹೋದರು. "ಇದು ಬ್ಯಾಡ. ಇದೂ ಬ್ಯಾಡ. ಇದು ಮಾತಾಡ್ತದೆ ನೋಡಪ್ಪ." ನನಗೆ ಮೂರೂ ಒಂದೇ ಥರ ಕೇಳಿಸಿದವು. ಹೆಬ್ಬಿದಿರಿನಲ್ಲೂ ಬುಡದ ಕಡೆ ದಪ್ಪ ಗೋಡೆಯದು ಬಿಲ್ಲಿಗೆ ಆಗುತ್ತದೆ. ಆದರೆ ಕಿರುಬಿದಿರು ಸಿಕ್ಕರೆ ಬಿಡಬೇಡಿ. ಅದರ ಒಳಗೆ ಟೊಳ್ಳು ಕಮ್ಮಿ, ಮೈ ಗಟ್ಟಿ.

ಕಡಿದದ್ದು ಜನವರಿಯಲ್ಲಿ. ಹುಣ್ಣಿಮೆ ಕಳೆದ ಮೇಲೆ ಕಡಿದರೆ ಕುಟ್ಟೆ ಹಿಡಿಯುವುದಿಲ್ಲ ಅಂತ ಅಜ್ಜನ ಮಾತು. ಚಂದ್ರನ ಲೆಕ್ಕ ಅವರಿಗೇ ಇರಲಿ, ತಿಂಗಳ ಲೆಕ್ಕಕ್ಕೆ ಅರ್ಥ ಇದೆ. ಆ ಪುಟಾಣಿ ಹುಳಕ್ಕೆ ಬೇಕಿರುವುದು ಬಿದಿರಿನೊಳಗಿನ ಪಿಷ್ಟ. ಚಳಿಗಾಲದಲ್ಲಿ ನೀರಿನಂಶ ಮಳೆಗಾಲಕ್ಕಿಂತ ಕಮ್ಮಿ, ಪಿಷ್ಟವೂ ಕಮ್ಮಿ ಅನ್ನುತ್ತಾರೆ. ಕಡಿದ ಗಳವನ್ನು ತುದಿಯಿಂದ ಬುಡಕ್ಕೆ ಸೀಳಿ, ದಬ್ಬೆಗಳನ್ನು ಅಡುಗೆಮನೆಯ ಅಟ್ಟಕ್ಕೆ ಹಾಕಿದೆ. ಅವ್ವ ಈಗಲೂ ನೀರು ಕಾಯಿಸುವುದು ಸೌದೆ ಒಲೆಯಲ್ಲೇ. ನಾಲ್ಕು ತಿಂಗಳು ಹೊಗೆ ಕುಡಿದು ದಬ್ಬೆ ಜೇನು ಬಣ್ಣಕ್ಕೆ ತಿರುಗಿತು. ಉಗುರಿನಿಂದ ತಟ್ಟಿದರೆ ಟಣ್ ಅನ್ನುವ ಸದ್ದು. ಆಗ ನನಗೂ ಕೇಳಿಸಿತು.

ಬಿಲ್ಲಿನ ಉದ್ದ ಐದು ಅಡಿ ನಾಲ್ಕು ಇಂಚು, ಹೆಚ್ಚೂಕಮ್ಮಿ ನನ್ನಷ್ಟೇ. ಚಿಕ್ಕ ಬಿಲ್ಲು ಚೆನ್ನಾಗಿ ಕಾಣುತ್ತದೆ, ಆದರೆ ಅಷ್ಟೇ ಎಳೆತಕ್ಕೆ ಜಾಸ್ತಿ ಬಗ್ಗಬೇಕು, ಬೇಗ ಮುರಿಯುತ್ತದೆ. ಹಿಂದಿನವರಿಗೂ ಇದು ಗೊತ್ತಿತ್ತು. ಅಲೆಕ್ಸಾಂಡರನ ಜೊತೆ ಬಂದಿದ್ದ ನಿಯಾರ್ಕಸ್ ನಮ್ಮ ದೇಶದ ಕಾಲಾಳುಗಳ ಬಿಲ್ಲು ಆಳಿನಷ್ಟೇ ಉದ್ದ, ಒಂದು ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಾರೆ ಅಂತ ಹೇಳಿದ್ದನ್ನು ಆಮೇಲಿನ ಗ್ರೀಕ್ ಇತಿಹಾಸಕಾರ ಆರಿಯನ್ ಬರೆದಿಟ್ಟಿದ್ದಾನೆ. ಅದಕ್ಕೂ ಮುಂಚೆ, ಕ್ರಿಸ್ತಪೂರ್ವ 480ರಲ್ಲಿ ಗ್ರೀಸ್ ಮೇಲೆ ಹೋದ ಪರ್ಷಿಯಾದ ಸೈನ್ಯದಲ್ಲಿ ಹತ್ತಿ ಬಟ್ಟೆ ತೊಟ್ಟ, ಜೊಂಡಿನ ಬಿಲ್ಲು ಹಿಡಿದ ಇಂಡಿಯಾದವರಿದ್ದರು ಅಂತ ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಅದು ಬಿದಿರೇ ಇರಬೇಕು ಅಂತ ನನ್ನ ಮನಸ್ಸು ಹೇಳುತ್ತದೆ. ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. "ಅವರಿಗೂ ಮಳೆಗಾಲದಲ್ಲಿ ಕೆಲಸ ಇರಲಿಲ್ವೇನೋ" ಅಂದಳು.

ನಡುವೆ ಹಿಡಿಯುವ ಜಾಗ ಒಂದೂವರೆ ಇಂಚು ಅಗಲ, ತುದಿಗೆ ಹೋಗ್ತಾ ಹೋಗ್ತಾ ಅರ್ಧ ಇಂಚು. ಬಿದಿರಿನ ಹಸಿರು ಮೈ ಯಾವಾಗಲೂ ಗುರಿಯ ಕಡೆಗೆ ಇರಬೇಕು. ಎಳೆದಾಗ ಆ ಕಡೆ ಹಿಗ್ಗುತ್ತದೆ, ನಮ್ಮ ಕಡೆಯ ಮೈ ಕುಗ್ಗುತ್ತದೆ. ಬಿದಿರಿನ ನಾರು ದಟ್ಟವಾಗಿರುವುದು ಸಿಪ್ಪೆಯ ಹತ್ತಿರವೇ, ಆ ಹಿಗ್ಗಾಟ ತಡೆಯುವುದು ಅದೇ. ಹಾಗಾಗಿ ಹೊರಮೈಗೆ ಕತ್ತಿ ತಾಗಿಸಬಾರದು. ಗೆಣ್ಣಿನ ಉಬ್ಬನ್ನು ಸ್ವಲ್ಪ ಉಜ್ಜಿದರೆ ಸಾಕು. ತೆಗೆಯುವುದೆಲ್ಲ ಒಳಮೈಯಿಂದ. ಮೊದಲು ಕತ್ತಿಯಲ್ಲಿ ಹೆರೆದೆ, ಆಮೇಲೆ ಅರದಲ್ಲಿ ಉಜ್ಜಿದೆ, ಕೊನೆಗೆ ಒಡೆದ ಕಿಟಕಿ ಗಾಜಿನ ಚೂರಿನಲ್ಲಿ ಕೆರೆದೆ. ಗಾಜಿನಷ್ಟು ನಯವಾಗಿ ಯಾವ ಉಳಿಯೂ ಕೆರೆಯುವುದಿಲ್ಲ. ಕೈಗೆ ಬಟ್ಟೆ ಸುತ್ತಿಕೊಳ್ಳಿ ಅಷ್ಟೇ.

ಎರಡು ಕಡೆಯೂ ಒಂದೇ ಸಮ ಬಗ್ಗಿಸುವುದೇ ಬಿಲ್ಲಿನ ಕೆಲಸದಲ್ಲಿ ಮುಕ್ಕಾಲು ಪಾಲು. ಕೊಟ್ಟಿಗೆ ಕಂಬಕ್ಕೆ ಒಂದು ಗೂಟ ಬಡಿದು ಬಿಲ್ಲನ್ನು ಅದರ ಮೇಲೆ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ಕೆಳಗೆ ಒಂದು ರಾಟೆಯಲ್ಲಿ ಹಾಯಿಸಿ, ದೂರ ನಿಂತು ಎಳೆಯುತ್ತಿದ್ದೆ. ಎಲ್ಲಿ ಬಗ್ಗುತ್ತಿಲ್ಲವೋ ಅಲ್ಲಿ ಪೆನ್ಸಿಲ್ ಗುರುತು. ಗುರುತಿನ ಮೇಲೆ ಇಪ್ಪತ್ತು ಸಲ ಗಾಜು ಎಳೆ. ಮೂವತ್ತು ಸಲ ಮೆತ್ತಗೆ ಬಗ್ಗಿಸು. ಮತ್ತೆ ನೋಡು. ಚೆನ್ನಾಗಿ ಬಗ್ಗುವ ಜಾಗವನ್ನು ಮುಟ್ಟಲೇಬಾರದು. ಇದರಲ್ಲಿ ಎರಡು ವಾರ ಹೋಯಿತು. ಎಳೆತ ಎಷ್ಟು ಅಂತ ನೋಡಲು ಕಾಫಿ ಹಣ್ಣು ತೂಗುವ ನೇತಾಡುವ ತಕ್ಕಡಿಯನ್ನು ಪಕ್ಕದ ತೋಟದಿಂದ ತಂದೆ. ಇಪ್ಪತ್ತಾರು ಇಂಚಿಗೆ 12 ಕೇಜಿ. ಅಭ್ಯಾಸಕ್ಕೆ ಧಾರಾಳ ಸಾಕು.

ಇಷ್ಟೆಲ್ಲ ಮಾಡಿ ಹೆದೆಗೆ ಏನು ಕಟ್ಟಿದೆ ಗೊತ್ತಾ? ಗೋಣಿ ಹೊಲಿಯುವ ದಾರ. ಸಂತೆಯಲ್ಲಿ ಒಂದು ಉಂಡೆ ತಂದು, ಎಂಟು ಎಳೆ ಸೇರಿಸಿ, ಒಂದೇ ದಿಕ್ಕಿಗೆ ತಿರುಚಿದೆ. ನೋಡುವುದಕ್ಕೆ ದಪ್ಪವಾಗಿತ್ತು.

ಒಂಬತ್ತನೆಯದೋ ಹತ್ತನೆಯದೋ ಬಾಣ. ಪೂರ್ತಿ ಎಳೆದಿದ್ದೆ. ಮೊದಲು ಕಿವಿಯ ಹತ್ತಿರ ಸಣ್ಣದಾಗಿ ಚರ್ ಅಂದಿತು, ಬಟ್ಟೆ ಹರಿದಂತೆ. ಏನು ಅಂತ ಯೋಚಿಸುವುದರೊಳಗೆ ಕೆನ್ನೆಗೆ ಚಾಟಿ ಬಿತ್ತು. ಬಾಣ ಕಾಲ ಬುಡದಲ್ಲೇ ಬಿದ್ದಿತ್ತು. ಹೆದೆ ಮೇಲಿನ ಕೊಪ್ಪಿನ, ಅಂದರೆ ಅದನ್ನು ಸಿಕ್ಕಿಸುವ ಬಿಲ್ಲಿನ ತುದಿಯ, ಹತ್ತಿರ ತುಂಡಾಗಿತ್ತು. ಬಿಲ್ಲು ಮೂರನೇ ಗೆಣ್ಣಿನಲ್ಲಿ ಉದ್ದಕ್ಕೆ ಬಾಯಿ ಬಿಟ್ಟಿತ್ತು. ಬಾಣಕ್ಕೆ ಹೋಗಬೇಕಾದ ಶಕ್ತಿ ಹೋಗಲು ಜಾಗವಿಲ್ಲದೆ ಬಿಲ್ಲಿನ ಮೈಗೇ ವಾಪಸ್ ಬಡಿಯುತ್ತದೆ. ಬಾಣ ಇಲ್ಲದೆ ಖಾಲಿ ಹೆದೆ ಎಳೆದು ಬಿಡಬಾರದು ಅನ್ನುವುದೂ ಅದಕ್ಕೇ. ಆರು ತಿಂಗಳ ಕೆಲಸ ಇಪ್ಪತ್ತು ರೂಪಾಯಿ ದಾರಕ್ಕೆ ಹೋಯಿತು.

ಅವ್ವ ತುಂಡಾದ ಹೆದೆ ಎತ್ತಿ ನೋಡಿದಳು. "ಒಂದೇ ಕಡೀಗೆ ಹುರಿ ಹಾಕಿದ್ರೆ ಬಿಚ್ಕೊಳ್ದೆ ಇನ್ನೇನು ಮಾಡ್ತದೆ? ನಿಮ್ಮಪ್ಪ ಹೊಸೆದ ಕಣ್ಣಿ ಎಮ್ಮೆ ಜಗ್ಗಿದ್ರೂ ಕಿತ್ತು ಬತ್ತಿರಲಿಲ್ಲ." ಅಷ್ಟು ದಿನ ನನ್ನ ಎದುರಿಗೇ ಕೂತು ಹುರುಳಿಕಾಯಿ ಸೋಸುತ್ತಿದ್ದವಳು ಇದನ್ನು ಮೊದಲೇ ಹೇಳಬಾರದಿತ್ತೇ. ಕೇಳಿದರೆ, "ನೀನು ಕೇಳಿದ್ಯಾ?"

ಹೊಸೆಯುವುದೇನೋ ಅವ್ವನಿಗೆ ಗೊತ್ತಿತ್ತು, ನಾರು ಯಾವುದು? ಮೊದಲು ಕತ್ತಾಳೆ ತಂದೆ. ಅರಸೀಕೆರೆ ಕಡೆ ಬೇಲಿಯಲ್ಲೇ ಸಿಗುತ್ತದೆ. ಎಲೆಯನ್ನು ತೊಟ್ಟಿಯಲ್ಲಿ ಕೊಳೆಹಾಕಿದರೆ ಆ ವಾಸನೆಗೆ ಅಕ್ಕಪಕ್ಕದವರು ಬಂದು ಏನು ಸತ್ತಿದೆ ಅಂತ ಕೇಳಿದರು. ನಾರು ಗಟ್ಟಿ ಹೌದು, ಆದರೆ ನನ್ನ ಕೈಯಲ್ಲಿ ಒರಟಾಗಿಯೇ ಉಳಿಯಿತು. ಹೆದೆ ಚೇಳಿನ ಮೈ ಥರ ಮುಳ್ಳು ಮುಳ್ಳು.

ದಾರಿ ತೋರಿಸಿದವರು ಪಂಪಿನ ಮೋಟರ್ ರಿಪೇರಿಗೆ ತಂದಿದ್ದ ಒಬ್ಬ ಕನ್ನಡ ಮೇಷ್ಟ್ರು. ವಾರ್ನಿಷ್ ಒಣಗಲಿ ಅಂತ ಕಾಯುತ್ತಾ ಕೂತಿದ್ದವರು ಗೋಡೆಗೆ ಒರಗಿಸಿದ್ದ ಒಡೆದ ಬಿಲ್ಲು ನೋಡಿ ಕೇಳಿದರು, "ಹೆದೆಗೆ ಮೌರ್ವಿ ಅಂತ ಇನ್ನೊಂದು ಹೆಸರಿದೆ, ಯಾಕೆ ಹೇಳಿ?" ಮೂರ್ವಾ ಅನ್ನುವ ಗಿಡದ ನಾರಿನಿಂದ ಮಾಡಿದ್ದು ಮೌರ್ವಿ. ಉಪನಯನಕ್ಕೆ ನಾವು ಮುಂಜಿ ಅನ್ನುತ್ತೇವಲ್ಲ, ಅದು ಬ್ರಾಹ್ಮಣ ವಟು ಸೊಂಟಕ್ಕೆ ಕಟ್ಟುವ ಮುಂಜಾ ಹುಲ್ಲಿನ ದಾರದಿಂದ ಬಂದ ಹೆಸರು. ಕ್ಷತ್ರಿಯ ವಟುವಿಗೆ ಮೂರ್ವಾದ ಹೆದೆ, ವೈಶ್ಯನಿಗೆ ಸಣಬಿನ ದಾರ ಅಂತ ಮನುಸ್ಮೃತಿಯಲ್ಲಿದೆ. ಮೂರ್ವಾ ಯಾವುದು ಅಂದರೆ ಆಯುರ್ವೇದದವರು ಬೇರೆ ಬೇರೆ ಗಿಡ ತೋರಿಸುತ್ತಾರೆ. ಅದರಲ್ಲಿ ಒಂದು ನಮ್ಮ ಕಡೆಯ ಮಂಜಿನ ನಾರು. ಮೇಷ್ಟ್ರು ಫೋನಿನಲ್ಲಿ ಫೋಟೋ ತೋರಿಸಿದರು. ನಾನು ಅಂಗಡಿ ಶಟರ್ ಎಳೆದು ಸೀದಾ ತಂಗಿ ಮನೆಗೆ ಹೋದೆ.

ತಂಗಿ ಕುಂಡದಲ್ಲಿರುವುದು ಅದೇ ಬಳಗದ ಆಫ್ರಿಕಾದ ಗಿಡ. ಅಲ್ಲಿಯೂ ಅದರ ನಾರಿನಿಂದ ಹೆದೆ ಮಾಡುತ್ತಿದ್ದರಂತೆ. ಅವಳು ಮದುವೆಗೆ ಹೋಗಿದ್ದಳು. ಹನ್ನೊಂದು ಎಲೆ ಕೊಯ್ದೆ.

ಇದನ್ನು ಕೊಳೆಹಾಕುವ ತಾಪತ್ರಯ ಇಲ್ಲ. ಹಲಗೆಯನ್ನು ಓರೆಯಾಗಿ ಇಟ್ಟು, ಎಲೆ ಹಾಸಿ, ಒಂದು ತುದಿ ಕಾಲಲ್ಲಿ ಒತ್ತಿ ಹಿಡಿದು, ಕತ್ತಿಯ ಬೆನ್ನಿನಿಂದ ಕೆರೆಯುತ್ತಾ ಬರಬೇಕು. ಹಸಿರು ಲೋಳೆ ಜಾರಿ ಹೋಗುತ್ತದೆ. ನಾಲ್ಕನೇ ಐದನೇ ಎಳೆತಕ್ಕೆ ಒಳಗಿನಿಂದ ಬಿಳಿ ಎಳೆಗಳು ಕಾಣಿಸತೊಡಗುತ್ತವೆ, ಅಜ್ಜಿ ತಲೆಗೂದಲಿನ ಹಾಗೆ. ತೊಳೆದು ನೆರಳಿನಲ್ಲಿ ಒಂದು ದಿನ ಹರವಿದರೆ ರೇಷ್ಮೆ ಹೊಳಪು. ಒಂದು ಎಲೆಗೆ ಸಿಗುವುದು ಬತ್ತಿಯಷ್ಟು ನಾರು.

ಅವ್ವ ಗೋಡೆಗೆ ಒರಗಿ ಕೂತು, ಅಂಗೈ ಒದ್ದೆ ಮಾಡಿಕೊಂಡು, ಎರಡು ಎಳೆಗಳನ್ನು ತೊಡೆ ಮೇಲೆ ಪಕ್ಕಪಕ್ಕ ಇಟ್ಟಳು. ಅಂಗೈ ಮುಂದಕ್ಕೆ ಹೋದಾಗ ಎರಡೂ ಬೇರೆ ಬೇರೆ ಹುರಿಯಾದವು. ಹಿಂದಕ್ಕೆ ಬಂದಾಗ ಒಂದನ್ನೊಂದು ತಬ್ಬಿಕೊಂಡವು. ಎಳೆ ಬಿಚ್ಚಿಕೊಳ್ಳಲು ನೋಡುವುದು ಒಂದು ದಿಕ್ಕಿಗೆ, ಜೋಡಿ ಬಿಚ್ಚಿಕೊಳ್ಳಲು ನೋಡುವುದು ಇನ್ನೊಂದು ದಿಕ್ಕಿಗೆ. ಒಂದು ಇನ್ನೊಂದನ್ನು ಬಿಡುವುದಿಲ್ಲ. ಎಲೆ ಇರುವುದು ಎರಡೂವರೆ ಅಡಿ, ಹೆದೆ ಬೇಕಿರುವುದು ಐದಡಿ. ನಾರು ಮುಗಿಯುತ್ತಾ ಬಂದಲ್ಲಿ ಹೊಸ ನಾರು ಸೇರಿಸಬೇಕು. ಎರಡು ಎಳೆಗೂ ಒಂದೇ ಜಾಗದಲ್ಲಿ ಸೇರಿಸಿದರೆ ಅಲ್ಲೇ ಕಿತ್ತುಹೋಗುತ್ತದೆ, ಗೇಣುದ್ದ ಬಿಟ್ಟು ಬಿಟ್ಟು ಸೇರಿಸಬೇಕು. ಅವ್ವನ ಹುರಿ ಪೆನ್ಸಿಲ್ ಗೆರೆಯಷ್ಟು ಸಮ. ನನ್ನದು ಇಲಿ ನುಂಗಿದ ಹಾವು. ಮೂರು ಸಲ ಬಿಚ್ಚಿ ಮತ್ತೆ ಹೊಸೆದೆ, ತೊಡೆ ಕೆಂಪಾಯಿತು.

ಮುಗಿದ ಹುರಿಗೆ ತುಡುವೆ ಜೇನಿನ ಮೇಣ ಸವರಿ, ತೊಗಲಿನ ಚೂರಿನಿಂದ ಬಿಸಿಯಾಗುವಷ್ಟು ಉಜ್ಜಿದೆ. ಒಂದು ತುದಿಗೆ ಕುಣಿಕೆ. ಇನ್ನೊಂದು ತುದಿಯನ್ನು ಕೊಪ್ಪಿಗೆ ಸುತ್ತಿ, ಅದನ್ನು ಅದಕ್ಕೇ ಮೂರು ಸುತ್ತು ಹೆಣೆದರೆ ಎಳೆದಷ್ಟೂ ಬಿಗಿಯಾಗುತ್ತದೆ, ಬೇಕಾದಾಗ ಬಿಚ್ಚಲೂಬಹುದು. ಬಾಣ ಕೂರುವ ಜಾಗ ಸವೆಯದ ಹಾಗೆ ನಾಲ್ಕು ಇಂಚು ದಾರ ಸುತ್ತಬೇಕು. ಇಲ್ಲಿ ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಯಿಲ್ ತುದಿ ಕಟ್ಟುವ ಹತ್ತಿ ದಾರ ತಂದು, ಸುತ್ತಿನ ಪಕ್ಕ ಸುತ್ತು ಕೂರಿಸಿ, ಕೊನೆಯ ತುದಿಯನ್ನು ಸುತ್ತುಗಳ ಕೆಳಗೇ ತೂರಿಸಿ ಎಳೆದೆ. ಅವ್ವ ಬೆರಳಾಡಿಸಿ ನೋಡಿ ಗಂಟು ಎಲ್ಲಿ ಅಂತ ಹುಡುಕಿದಳು.

ಹೆದೆ ಬಿಲ್ಲಿನ ಎಳೆತದ ನಾಲ್ಕು ಪಟ್ಟಾದರೂ ತಡೆಯಬೇಕು ಅನ್ನುವುದು ಒಂದು ಲೆಕ್ಕ. ಹನ್ನೆರಡು ನಾಲ್ಕಲಿ ನಲವತ್ತೆಂಟು. ಯೂರಿಯಾ ಚೀಲ 45 ಕೇಜಿ. ಅದಕ್ಕೆ ಅಂಗಡಿಯಿಂದ ತಂದ ಐದು ಕೇಜಿಯ ಹಳೇ ರೋಟರ್ ಒಂದನ್ನು ಕಟ್ಟಿ, ಕೊಟ್ಟಿಗೆ ತೊಲೆಗೆ ಹೆದೆಯಲ್ಲಿ ನೇತುಹಾಕಿದೆ, ನೆಲದಿಂದ ಒಂದೇ ಗೇಣು ಮೇಲೆ. ರಾತ್ರಿ ಎರಡು ಸಲ ಎದ್ದು ಟಾರ್ಚ್ ಬಿಟ್ಟು ನೋಡಿದೆ. ಬೆಳಿಗ್ಗೆ ಒಂದೂವರೆ ಇಂಚು ಹಿಗ್ಗಿತ್ತು, ಕಿತ್ತಿರಲಿಲ್ಲ. ಹಿಗ್ಗಿದ್ದಕ್ಕೆ ಇನ್ನೊಂದಿಷ್ಟು ಹುರಿ ಕೊಟ್ಟರೆ ಉದ್ದ ಕಮ್ಮಿಯಾಗುತ್ತದೆ.

ಅಟ್ಟದಲ್ಲಿದ್ದ ಇನ್ನೊಂದು ದಬ್ಬೆಯಿಂದ ಮೂರನೇ ಬಿಲ್ಲು ಮಾಡಿದೆ. ಹೆದೆ ಏರಿಸಿದ ಮೇಲೆ ಹಿಡಿಗೂ ಹೆದೆಗೂ ನಡುವೆ ಒಂದು ಮುಷ್ಟಿ, ಅದರ ಮೇಲೆ ನೆಟ್ಟಗೆ ಎತ್ತಿದ ಹೆಬ್ಬೆರಳು, ಅಷ್ಟು ಅಂತರ ಇರಬೇಕು. ಬಾಣ ವಾಟೆ ಗಳದ್ದು, ಗರಿ ಟರ್ಕಿ ಕೋಳಿಯದ್ದು, ಮೂರು ಮೂರು. ಗುರಿ ಅಂದರೆ ಹಳೆ ಬಟ್ಟೆ ತುರುಕಿದ ಗೋಣಿಚೀಲ, ಹಿಂದೆ ಮಣ್ಣಿನ ದಿಬ್ಬ. "ಶಿಕಾರಿಗಾ ಅಣ್ಣ?" ಅಂತ ಕಣ್ಣು ಮಿಟುಕಿಸಿ ಕೇಳುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಆ ಮಾತೇ ಇಲ್ಲ ಅಂತ ನಗದೆ ಹೇಳುತ್ತೇನೆ. ಮೊದಲ ಬಾಣ ಬಿಟ್ಟಾಗ ಹೆದೆ ಟೊಂಯ್ ಅಂದಿತು. ಗೋಣಿದಾರದ್ದು ಬರೀ ಧಪ್ ಅನ್ನುತ್ತಿತ್ತು. ಇಪ್ಪತ್ತು ಮೀಟರಿಗೆ ಚೀಲದ ಹೊಟ್ಟೆಗೇ ಹೋಗಿ ನಾಟಿತು.

ಈಗ ಹಳೇಬೀಡಿಗೆ ಹೋದರೆ ಕಣ್ಣು ಮೊದಲು ಹೋಗುವುದು ಮಹಾಭಾರತ ಯುದ್ಧದ ಸಾಲಿಗೇ. ವೀರರ ಮುಖ ನೋಡುವುದು ಬಿಟ್ಟು ಹೆದೆ ಎಲ್ಲಿ ಕಟ್ಟಿದ್ದಾರೆ ಅಂತ ನೋಡುತ್ತಾ ನಿಲ್ಲುತ್ತೇನೆ. ಹೆಂಡತಿ ಮಕ್ಕಳು ಅಷ್ಟೊತ್ತಿಗೆ ಎಳನೀರು ಕುಡಿದು ಮುಗಿಸಿರುತ್ತಾರೆ.

ಮಳೆಗಾಲದಲ್ಲಿ ಬಿಲ್ಲಿಗೆ ಹೆದೆ ಏರಿಸಿ ಇಡುವುದಿಲ್ಲ. ಥಂಡಿ ಕುಡಿದ ಬಿದಿರು ಮತ್ತೆ ಹಸಿ ಬಿದಿರಿನ ಚಾಳಿಗೇ ಹೋಗಿ ಬಗ್ಗಿ ಕೂರುತ್ತದೆ. ನನಗೆ ಬಿಡುವು ಸಿಗುವುದು ಮಳೆಗಾಲದಲ್ಲಿ, ಬಿಲ್ಲಿಗೆ ಅದೇ ಆಗಿಬರುವುದಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಲ್ಲು ಅಟ್ಟದಲ್ಲಿ, ನಾನು ಅವ್ವನ ಪಕ್ಕದಲ್ಲಿ ಹೆದೆ ಹೊಸೆಯುತ್ತಾ. ಈ ಸಲದ ಮಳೆಗೆ ನಾಲ್ಕು ಹೆದೆ ಆಗಿವೆ. ಒಂದು ಅವ್ವನಿಗೂ ಒಪ್ಪಿಗೆಯಾಗಿದೆ.

ನಾರಿಗೆ ಮೊನ್ನೆ ಮತ್ತೆ ತಂಗಿ ಮನೆಗೆ ಹೋದೆ. ಕುಂಡದಲ್ಲಿ ಹೊಸ ಮೊಳಕೆ ಒಡೆದಿದ್ದವು. ಪಕ್ಕದಲ್ಲಿ ಮೂರನೆಯದೊಂದು ಕುಂಡ ಹೊಸದಾಗಿ ಬಂದಿತ್ತು. "ಇದು ನಿನ್ನದು. ಆ ಎರಡಕ್ಕೆ ಕೈ ಹಾಕಿದರೆ ನೋಡು, ಎಲೆ ಎಣಿಸಿ ಇಟ್ಟಿದೀನಿ" ಅಂದಳು.