ಸಾಗರದ ಕಡೆ ಬಂದರೆ ಬಾಗಿಲು ನೋಡಿ

ಸಾಗರಕ್ಕೆ ಬಂದವರು ಸುಮ್ನೆ ಜೋಗ ನೋಡಿ ವಾಪಸ್ ಹೋಗುತ್ತೀರಿ, ಅಲ್ವಾ? ಅರ್ಧ ದಿನ ಜಾಸ್ತಿ ಇಟ್ಟುಕೊಳ್ಳಿ. ಬೆಳಿಗ್ಗೆ ಕೆಳದಿಯ ರಾಮೇಶ್ವರ ದೇವಸ್ಥಾನ. ಅಲ್ಲಿ ತಲೆ ಎತ್ತಿ ನೋಡಿ, ಚಾವಣಿಯಲ್ಲಿ ಗಂಡಭೇರುಂಡ ಇದೆ. ಆಮೇಲೆ ಇಕ್ಕೇರಿ. ಕೆಳದಿ ನಾಯಕರ ರಾಜಧಾನಿ ಕೆಳದಿಯಿಂದ ಇಲ್ಲಿಗೆ ಬಂತು, ಇಲ್ಲಿಂದ ಬಿದನೂರಿಗೆ ಹೋಯಿತು. ಬಿದನೂರು 1763ರಲ್ಲಿ ಹೈದರಾಲಿ ಪಾಲಾಯಿತು.

ನನಗೆ ಇಷ್ಟವಾಗೋದು ಮಾತ್ರ ಹಳ್ಳಿ ಮನೆಗಳ ಬಾಗಿಲು. ಇಲ್ಲಿನ ದೀವರ ಸಮುದಾಯದ ಮನೆಗಳಲ್ಲಿ ಬಾಗಿಲ ಸುತ್ತ ಗೋಡೆಗೆ ಬರೆದ ಹಸೆ ಚಿತ್ತಾರ ಕಂಡರೆ ಹತ್ತಿರ ನಿಂತು ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಪುಂಡಿ ಗಿಡದ ನಾರೇ ಬ್ರಷ್ಷು! ಗೆರೆ ಒಂದಿಷ್ಟೂ ಸೊಟ್ಟಗಾಗಿರುವುದಿಲ್ಲ.

ಫೋಟೋ ಹೊಡೆಯುವ ಮೊದಲು "ಅಮ್ಮಾ, ತೆಗೆಯಬಹುದಾ?" ಅಂತ ಕೇಳಿ. ನಾನೊಮ್ಮೆ ಕೇಳದೆ ಮೊಬೈಲ್ ಎತ್ತಿ ಬೈಸಿಕೊಂಡೆ. ಕೇಳಿದ ಮನೆಯಲ್ಲಿ ಮಜ್ಜಿಗೆಯೂ ಸಿಕ್ಕಿತು.