ಉಪ್ಪು ತಿಂದ ಜೀಪಿಗೆ ನೀರು ಕುಡಿಸಿದೆ

ನನ್ನ ಹಳೆಯ ಜೀಪಿನ ತುಕ್ಕು ಬಿಡಿಸಿ ಮೂರು ಮಳೆಗಾಲ ಕಳೆಯಿತು. ಚಾಸಿಯಲ್ಲಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನಲ್ಲಿ, ಎಲ್ಲೂ ಗುಳ್ಳೆ ಎದ್ದಿಲ್ಲ, ಸುತ್ತಿಗೆಯಿಂದ ತಟ್ಟಿದರೆ ಈಗಲೂ ಠಣ್ ಅನ್ನುತ್ತದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ "ಒಂದು ಮಳೆ ಬೀಳಲಿ, ಆಮೇಲೆ ನೋಡೋಣ" ಅಂತ ನಗುತ್ತಿದ್ದರು. ಕಾರವಾರದಲ್ಲಿ ಕೇಳಿದೆ, ಅಂಕೋಲಾದಲ್ಲಿ ಕೇಳಿದೆ, ಹುಬ್ಬಳ್ಳಿ ಗುಜರಿಯವರನ್ನೂ ಕೇಳಿದೆ. ಎಲ್ಲರದ್ದೂ ಒಂದೇ ಮಾತು, ಈ ಚಾಸಿ ಬಿಟ್ಟುಹಾಕಿ, ಬೇರೆ ನೋಡಿ. ಬೇರೆ ಚಾಸಿ ಅಂದರೆ ಅದರ ಮೇಲಿನ ನಂಬರೂ ಬೇರೆ. ಆ ಕಾಗದದ ರಗಳೆ ಯಾರಿಗೆ ಬೇಕು? ನನಗೆ ಅದೇ ಚಾಸಿ, ಅದೇ ನಂಬರು, ಅದೇ ಬಣ್ಣ ಬೇಕಿತ್ತು.

ಗಾಡಿ 1991ರ ಮಹೀಂದ್ರ ಎಂಎಂ 540, ಕೆಎ-30. ಒಳಗೆ ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್, 2112 ಸಿಸಿ, ನಾಲ್ಕು ಗೇರು. ಬೇಲೇಕೇರಿ ಕಡೆ ಸಿಕ್ಕಿತು. ಸುಮಾರು ವರ್ಷ ಮೀನು, ಮಂಜುಗಡ್ಡೆ ಹೊತ್ತ ಗಾಡಿ ಅದು. ಒಂದು ಲಕ್ಷದ ಮೇಲೆ ಹೇಳಿದ್ದರು, ಎಂಬತ್ತು ಸಾವಿರಕ್ಕೆ ಬಂತು. ಕೆಳಗೆ ಮಲಗಿ ಸ್ಕ್ರೂಡ್ರೈವರ್ ಚುಚ್ಚಿದಾಗ ಹಿಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಒಳಗೆ ಅದು ಹಿಡಿಯವರೆಗೆ ಹೋಯಿತು. ಮಾರುವವರೂ ಅದನ್ನು ನೋಡಿದರು, ಬೆಲೆ ಇಳಿಸಿದ್ದೇ ಅಲ್ಲಿಂದ.

ಮೀನಿನ ಕ್ರೇಟಿನಿಂದ ಇಳಿಯುವ ನೀರು ಎಂಥದ್ದು ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅದು ಟಬ್ಬಿನ, ಅಂದರೆ ಜೀಪಿನ ತಗಡಿನ ಬಾಡಿಯ, ನೆಲದ ಬೋಲ್ಟ್ ತೂತಿನಿಂದ ಇಳಿದು ಕೆಳಗಿನ ಚಾನಲ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ಬಾಡಿಯನ್ನು ಚಾಸಿಗೆ ಕೂರಿಸುವ ಬಾಡಿ ಮೌಂಟ್ ಮೇಲೆ, ಅಲ್ಲಿಂದ ಚಾಸಿಯ ಟೊಳ್ಳು ಡಬ್ಬದೊಳಗೆ. ಚಾಸಿಯ ಕೆಳಗಿನ ತೂತುಗಳು ಕೆಸರಿನಿಂದ ಮುಚ್ಚಿದ್ದರೆ ಮುಗಿಯಿತು, ಉಪ್ಪುನೀರು ಒಳಗೇ ಉಳಿಯುತ್ತದೆ. ಅದರ ಮೇಲೆ ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಡಾಂಬರು ಬಳಿದಿದ್ದರು. ಟಬ್ಬಿನ ಮೂಲೆಯಲ್ಲಿ ತಗಡಿಗಿಂತ ಪುಟ್ಟಿಯೇ ಜಾಸ್ತಿ. ಡಾಂಬರು ಕೆರೆದಾಗ ಅದರ ಹಿಂದೆ ತುಕ್ಕು ಪದರ ಪದರವಾಗಿ ಎದ್ದು ಬಂತು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದ್ದು. ಗ್ರೈಂಡರ್, ಕಪ್ ಬ್ರಷ್, ತಗಡು ಹೊಳೆಯುವವರೆಗೆ ಉಜ್ಜಿ ರೆಡ್ ಆಕ್ಸೈಡ್ ಪ್ರೈಮರ್. ಮೂರು ವಾರದಲ್ಲಿ ಅದರ ಮೇಲೆ ಕಂದು ಹನಿಗಳು. ಇನ್ನೊಂದು ಕಡೆ ತುಕ್ಕನ್ನೇ ಕಪ್ಪು ಪದರ ಮಾಡುವ ದುಬಾರಿ ರಸ್ಟ್ ಕನ್ವರ್ಟರ್ ತಂದು ಹಚ್ಚಿದೆ. ಕಪ್ಪಾಯಿತು, ನೋಡಲು ಚೆನ್ನಾಗಿತ್ತು. ಅದೂ ತಿಂಗಳೊಳಗೆ ತುಕ್ಕು ಬೆವರಿತು. ಮರಳು ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ತುಕ್ಕು ತೆಗೆಯುವುದು) ಮಾಡಿಸಿ ಅಂದರು. ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದು ಚಾಸಿ ತುಂಡು ಒಯ್ದು ಮಾಡಿಸಿದೆ, ಬೂದು ಬಣ್ಣದ ಸ್ವಚ್ಛ ಲೋಹ ಬಂತು. ಅಂಕೋಲಾಕ್ಕೆ ತಂದಿಟ್ಟೆ. ಬೆಳಿಗ್ಗೆ ನೋಡಿದರೆ ಕೆಂಪು, ಅದೂ ಚುಕ್ಕೆ ಚುಕ್ಕೆಯಾಗಿ, ತುಕ್ಕು ತಿಂದ ಹಳೆಯ ಗುಂಡಿಗಳಿದ್ದ ಜಾಗದಲ್ಲೇ.

ಆ ಚುಕ್ಕೆ ನೋಡಿದ ಮೇಲೆ ನನಗೆ ಅನುಮಾನ ಬಂದಿದ್ದು ತುಕ್ಕಿನ ಮೇಲಲ್ಲ, ಉಪ್ಪಿನ ಮೇಲೆ. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ಗೆಳೆಯನ ಹತ್ತಿರ ಸಿಲ್ವರ್ ನೈಟ್ರೇಟ್ ದ್ರಾವಣ ಒಂದು ಸಣ್ಣ ಬಾಟಲಿ ಇಸಿದುಕೊಂಡೆ. ಮಳೆನೀರಿನಲ್ಲಿ ಹತ್ತಿ ಅದ್ದಿ ತಗಡಿನ ಮೇಲೆ ಒರೆಸಿ, ಆ ನೀರು ಹಿಂಡಿ ಒಂದೆರಡು ಹನಿ ಹಾಕಿದೆ. ಬೆಳ್ಳಗಾಯಿತು, ಅಂದರೆ ಉಪ್ಪಿದೆ. ಉಜ್ಜಿದ ಜಾಗದಲ್ಲೂ ಬೆಳ್ಳಗೆ, ಬ್ಲಾಸ್ಟಿಂಗ್ ಆದ ತುಂಡಿನಲ್ಲೂ ಬೆಳ್ಳಗೆ. ಅಂದರೆ ತುಕ್ಕು ಹೋಗಿದೆ, ಗುಂಡಿಯ ತಳದಲ್ಲಿ ಉಪ್ಪು ಹಾಗೇ ಕೂತಿದೆ. ಅದರ ಮೇಲೆ ಏನು ಬಳಿದರೂ ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ಒಳಗಿಂದ ತಿನ್ನುತ್ತದೆ. (ನಲ್ಲಿ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಆ ನೀರೇ ಬೆಳ್ಳಗಾಗುತ್ತದೆ. ಕೈಗೂ ತಾಗಿಸಿಕೊಳ್ಳಬೇಡಿ, ಕಪ್ಪು ಕಲೆ ವಾರಗಟ್ಟಲೆ ಹೋಗೋದಿಲ್ಲ.)

ಹಾಗಾದರೆ ತೊಳೀಬೇಕು. ನಮ್ಮನೆ ಬಾವಿ ಸಮುದ್ರಕ್ಕೆ ಹತ್ತಿರ, ಬೇಸಿಗೆಯಲ್ಲಿ ಚಹಾ ಸಹ ಉಪ್ಪುಪ್ಪು. ಆ ನೀರಿನಿಂದ ಪ್ರಯೋಜನ ಇಲ್ಲ. ಶಿರಸಿ ಕಡೆ ತಂಗಿಯ ಗಂಡನ ತೋಟ ಇದೆ. ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗೇ ಇಳಿದು ಬರುತ್ತದೆ, ಕರೆಂಟಿನ ಹಂಗಿಲ್ಲ. ಬರೀ ಚಾಸಿಯನ್ನು ಪಿಕಪ್ಪಿಗೆ ಏರಿಸಿ ದೇವಿಮನೆ ಘಟ್ಟ ಹತ್ತಿಸಿದೆ. ಬಾಡಿಗೆ ಮೂರೂವರೆ ಸಾವಿರ ಇರಬೇಕು. ಅಂಗಳದ ಅಂಚಿನಲ್ಲಿ ಇಳಿಸಿದಾಗ ಭಾವ ಕೇಳಿದ್ದು, "ಎಂತದು ಭಾವ ಇದು, ತುಕ್ಕು ಬಿಡಿಸಲಿಕ್ಕೆ ನೀರು ಬಿಡ್ತ್ರಾ?" ಹೌದು ಅಂದೆ. "ಉಪ್ಪು ತಿಂದದ್ದು ನೀರು ಕುಡೀಲೇಬೇಕು ಬಿಡಿ" ಅಂತ ನಕ್ಕರು. ಊರಿನವರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಕಬ್ಬಿಣವನ್ನು ಹಗಲೂ ರಾತ್ರಿ ನೀರಲ್ಲಿ ಇಡುವವ ಇವನೊಬ್ಬನೇ ಅಂತ ಪೇಟೆಯವರೆಗೂ ಸುದ್ದಿ.

ಅಕ್ಟೋಬರ್ ಅದು. ಅಬ್ಬಿಯಲ್ಲಿ ಭರ್ತಿ ನೀರು, ಅಡಿಕೆ ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ಚಾಸಿಯ ಒಂದು ತುದಿ ಎತ್ತರ ಮಾಡಿ, ಮುಚ್ಚಿದ ತೂತೆಲ್ಲ ಬಿಡಿಸಿ, ಡಬ್ಬದೊಳಗೆ ಅರ್ಧ ಇಂಚಿನ ಪೈಪು ತುರುಕಿ ನೀರು ಬಿಟ್ಟೆ. ಮೊದಲ ದಿನ ಬಂದದ್ದು ಕೆಸರು, ಮೀನಿನ ಪೊರೆ, ತುಕ್ಕಿನ ಚಕ್ಕೆ, ಒಂದು ಸ್ಪಾನರ್ ಕೂಡ. ಎರಡು ದಿನಕ್ಕೊಮ್ಮೆ ಮಗುಚಿ ಹಾಕುವುದು. ನಡುನಡುವೆ ಅಡಿಕೆ ಬೇಯಿಸುವ ಹಂಡೆಯಲ್ಲಿ ನೀರು ಕುದಿಸಿ ಸುರಿಯುವುದು, ಯಾಕೆಂದರೆ ಬಿಸಿನೀರಿಗೆ ಉಪ್ಪು ಬೇಗ ಬಿಡುತ್ತದೆ. ಒಂದು ದಿನ ಬಿಸಿಲಿಗೆ ಒಣಗಿಸಿ ಮತ್ತೆ ನೀರು. ಸುಮಾರು ಮೂರು ವಾರ ಹೀಗೇ. ಕೊನೆಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ನೀರು ತಿಳಿಯಾಗೇ ಇತ್ತು. ಚಾಸಿ ತುಂಬಾ ತೆಳು ಕೆಂಪು ತುಕ್ಕು ಬಂದಿತ್ತು, ಬರಲೇಬೇಕು. ಉಪ್ಪಿಲ್ಲದ ತುಕ್ಕು ಬ್ರಷ್ ಆಡಿಸಿದರೆ ಹೋಗುತ್ತದೆ, ಮತ್ತೆ ಬೆವರೋದಿಲ್ಲ.

ಅಲ್ಲಿದ್ದಾಗ ಸುಮ್ನೆ ಕೂರಲಿಲ್ಲ. ಹಳೆಯ ಡಬ್ಬದಲ್ಲಿ ಹುಳಿ ಬಂದ ಜೋನಿ ಬೆಲ್ಲ (ಗಟ್ಟಿಯಾಗದ ನೀರುಬೆಲ್ಲ) ಇತ್ತು, ದನಕ್ಕೆ ಹಾಕಲಿಕ್ಕೆ ಇಟ್ಟದ್ದು. ಕಾಕಂಬಿ ನೀರಿನಲ್ಲಿ ತುಕ್ಕು ಬಿಡುತ್ತದೆ ಅಂತ ಕೇಳಿದ್ದೆ, ಜೋನಿಯಲ್ಲಿ ಯಾಕೆ ಬಿಡಬಾರದು? ಒಂದಕ್ಕೆ ಒಂಬತ್ತು ನೀರು ಸೇರಿಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಂಜ್, ಬ್ರಾಕೆಟ್, ಬ್ರೇಕ್ ಡ್ರಮ್, ಗಾಜಿನ ಫ್ರೇಮಿನ ಕ್ಲಾಂಪು ಎಲ್ಲಾ ಮುಳುಗಿಸಿದೆ. ಎರಡು ವಾರಕ್ಕೆ ಮೇಲೆ ಬೂಸ್ಟು, ನೊಣ, ಸಹಿಸಲಾಗದ ವಾಸನೆ. ತೆಗೆದು ತೊಳೆದರೆ ಬರೀ ಲೋಹ, ನಟ್ಟಿನ ಮೇಲಿನ ಗುರುತು ಸಹ ಓದಬಹುದಿತ್ತು. ಅಲ್ಯೂಮಿನಿಯಂ ಇದ್ದರೆ ಹಾಕಬೇಡಿ, ಅದನ್ನು ತಿಂದುಹಾಕುತ್ತದೆ.

ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ರಸ, ಕೂಡ ಹಚ್ಚಿ ನೋಡಿದೆ. ಚೊಗರಿನ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದಲ್ಲ, ಅಂಗಡಿಯ ಕನ್ವರ್ಟರ್‌ನಲ್ಲಿ ಇರುವುದೂ ಹೆಚ್ಚುಕಮ್ಮಿ ಅಂಥದ್ದೇ. ಕಪ್ಪೇನೋ ಆಯಿತು, ಚಂದವಾಗಿಯೇ ಆಯಿತು. ಆದರೆ ಅಂಟು ಹೋಗಲಿಲ್ಲ, ಮೇಲೆ ಪ್ರೈಮರ್ ನಿಲ್ಲಲಿಲ್ಲ. ಅಳಲೆಕಾಯಿ ಕಷಾಯ ಅದಕ್ಕಿಂತ ವಾಸಿ. ಟೂಲ್ ಬಾಕ್ಸಿನ ಒಳಗಡೆ ಅದನ್ನೇ ಬಿಟ್ಟಿದ್ದೇನೆ, ಇವತ್ತಿಗೂ ಇದೆ. ವಾಷಿಂಗ್ ಸೋಡಾ ನೀರಿನಲ್ಲಿ ಸಾಮಾನು ಮುಳುಗಿಸಿ, ಬ್ಯಾಟರಿ ಚಾರ್ಜರಿನಿಂದ ಕರೆಂಟು ಹರಿಸಿ ತುಕ್ಕು ಬಿಡಿಸುವ ವಿಧಾನವೂ ಇದೆ. ಅದರ ಆನೋಡಿಗೆ (ಪ್ಲಸ್ ತಂತಿ ಕಟ್ಟುವ ಲೋಹಕ್ಕೆ) ಸ್ಟೀಲ್ ಪಾತ್ರೆ ತುಂಡು ಹಾಕುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ನೀರಿಗೆ ಕ್ರೋಮಿಯಂ ವಿಷ ಇಳಿಯುತ್ತದೆ. ಹಳೆಯ ಕಬ್ಬಿಣದ ಸರಳು ಸಾಕು, ಬಯಲಿನಲ್ಲಿ ಮಾಡಿ. ಲೀಫ್ ಸ್ಪ್ರಿಂಗ್ ಪ್ಲೇಟುಗಳನ್ನು ಮಾತ್ರ ಅದಕ್ಕೆ ಹಾಕಬೇಡಿ, ಆಮೇಲೆ ತುಂಡಾಗುವ ಭಯ ಇದೆ.

ವೆಲ್ಡಿಂಗ್ ಕುಮಟಾದಲ್ಲಿ. ಹಿಂದಿನ ಕ್ರಾಸ್ ಮೆಂಬರ್ ಪೂರ್ತಿ ಹೊಸದು, ಎರಡೂ ಬದಿಯಲ್ಲಿ ಸ್ಪ್ರಿಂಗ್ ಚಾಸಿಗೆ ತೂಗುವ ಶಾಕಲ್ ಹ್ಯಾಂಗರ್ ಹತ್ತಿರ ಕೊಳೆತ ಭಾಗ ಕತ್ತರಿಸಿ ಮೂರು ಎಂಎಂ ಪ್ಲೇಟು. ತೇಪೆಯ ಅಂಚನ್ನು ನೇರ ಕತ್ತರಿಸಲು ಬಿಡಲಿಲ್ಲ, ಓರೆ ಮಾಡಿಸಿದೆ. ನೇರ ಇದ್ದರೆ ಬಿರುಕು ಅದೇ ಗೆರೆಯಲ್ಲಿ ಓಡುತ್ತದೆ. ವೆಲ್ಡರ್‌ಗೆ ಕೋಪ ಬಂತು, "ಮೂವತ್ತು ವರ್ಷದಿಂದ ಮಾಡ್ತಾ ಇದ್ದೇನೆ ಮಾರಾಯ್ರೆ" ಅಂದರು. ಮಾಡಿಕೊಟ್ಟರು, ಇಪ್ಪತ್ತೆರಡು ಸಾವಿರ ತಗೊಂಡರು. ಚಾಸಿ ನಂಬರ್ ಇರುವ ಜಾಗಕ್ಕೆ ಮಾತ್ರ ಗ್ರೈಂಡರ್ ತಾಗಿಸಲಿಲ್ಲ. ಅಲ್ಲಿ ಜೋನಿ ನೀರಿನ ಬಟ್ಟೆ ಸುತ್ತಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದು. ನಂಬರಿನ ಮೇಲೆ ಕಾಗದ ಇಟ್ಟು ತೆಗೆಯುವ ಪೆನ್ಸಿಲ್ ಪ್ರಿಂಟ್ ಸ್ಪಷ್ಟ ಬಂತು.

ಇನ್ನು ಮೀನೆಣ್ಣೆ. ಇದಕ್ಕೇ ನನ್ನನ್ನು ಜಾಸ್ತಿ ಗೇಲಿ ಮಾಡಿದ್ದು. ಮರದ ದೋಣಿಗೆ ನಮ್ಮ ಕಡೆ ತಾರ್ಲೆ ಮೀನಿನ ಎಣ್ಣೆ ಬಳಿಯುತ್ತಿದ್ದದ್ದು ಹಿರಿಯರಿಗೆ ಗೊತ್ತು. ಅದು ತುಕ್ಕಿನ ಸಂದಿಗೆ ಇಳಿದು ನಿಧಾನ ಗಟ್ಟಿಯಾಗುತ್ತದೆ. ಎಂಜಿನ್ ಆಯಿಲ್ ಹಾಗಲ್ಲ, ಒಂದೇ ಮಳೆಗೆ ತೊಳೆದು ಹೋಗುತ್ತದೆ. ಚಾಸಿಯ ಡಬ್ಬದೊಳಗೆ ಬ್ರಷ್ ಹೋಗೋದಿಲ್ಲ, ಪ್ರೈಮರ್ ಹೋಗೋದಿಲ್ಲ, ಆದರೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ ಬಿಸಿ ಮಾಡಿದ ಮೀನೆಣ್ಣೆ ಹೋಗುತ್ತದೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪಿನಲ್ಲಿ ಹೊಡೆದೆ. ಅದಕ್ಕೆ ಮಾತ್ರ ಹೊಸ ಹೋಸು, ಹೊಸ ನಾಝಲ್. ಹಳೆಯದರಲ್ಲಿ ಬೋರ್ಡೋದ ಮೈಲುತುತ್ತ ಉಳಿದಿರುತ್ತದೆ, ಅದರ ತಾಮ್ರ ಕಬ್ಬಿಣದ ಮೇಲೆ ಕೂತರೆ ಅಲ್ಲೇ ಹೊಸ ತುಕ್ಕು ಶುರು. ಒಣಗಲು ತಿಂಗಳು ಬೇಕಾಯಿತು. ಊರಿನ ಬೆಕ್ಕುಗಳೆಲ್ಲ ಶೆಡ್ಡಿನಲ್ಲೇ. ವಾಸನೆ ಹೋಗಲಿಕ್ಕೆ ಎಣ್ಣೆಗೆ ಇನ್ನೊಂದು ಸಾಮಾನು ಹಾಕಿದ್ದೇನೆ, ಅದು ಎಂತದು ಅಂತ ಇಲ್ಲಿ ಹೇಳೋದಿಲ್ಲ. ಶೆಡ್ಡಿಗೆ ಬಂದವರು ಮೂಸಿ ನೋಡಿ ಊಹೆ ಮಾಡಿ.

ಟಬ್ಬಿನ ನೆಲ ಪೂರ್ತಿ ಹೊಸದು, 18 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಶೀಟು. ರೆಡಿಮೇಡ್ ಟಬ್ ತರಬಹುದಿತ್ತು, ಬೆಲೆಯೂ ಹತ್ತಿರ ಹತ್ತಿರ ಅಷ್ಟೇ. ಆದರೆ ಅದರ ಮಡಿಕೆ, ಅಂಚು ಕಂಪನಿಯದರ ಹಾಗೆ ಬರೋದಿಲ್ಲ, ಗೊತ್ತಿರುವವರು ದೂರದಿಂದಲೇ ಹೇಳುತ್ತಾರೆ. ಬಾಡಿ ಮೌಂಟಿಗೆ ಹಳೆಯ ಕನ್ವೇಯರ್ ಬೆಲ್ಟ್ ಕತ್ತರಿಸಿ ಹಾಕಿ ನೋಡಿದೆ. ಪುಕ್ಕಟೆ ಸಿಕ್ಕಿತ್ತು. ಹೊನ್ನಾವರ ಮುಟ್ಟುವಷ್ಟರಲ್ಲಿ ಬೆನ್ನು ಹೋಯಿತು. ತೆಗೆದು ಸರಿಯಾದ ರಬ್ಬರೇ ಹಾಕಿದೆ.

ಪೇಂಟಿಂಗ್ ಬಗ್ಗೆ ಒಂದೇ ವಿಷಯ. ಕರಾವಳಿಯಲ್ಲಿ ಡಿಸೆಂಬರ್, ಜನವರಿ ಬಿಟ್ಟು ಬೇರೆ ತಿಂಗಳಲ್ಲಿ ಸ್ಪ್ರೇ ಗನ್ ಮುಟ್ಟಬೇಡಿ. ಆಗಲೂ ಬೆಳಿಗ್ಗೆ ಮಂಜು ಹೋದ ಮೇಲೆ ಶುರು ಮಾಡಿ ಮಧ್ಯಾಹ್ನದ ಕಡಲಗಾಳಿ ಏಳುವ ಮೊದಲು ಮುಗಿಸಬೇಕು. ಆ ಗಾಳಿಯ ಜೊತೆ ಉಪ್ಪೂ ಬರುತ್ತದೆ. ಎಪಾಕ್ಸಿ ಪ್ರೈಮರ್, ಮೇಲೆ ಆರ್‌ಸಿಯಲ್ಲಿ ಇರುವ ಬಿಳಿ ಬಣ್ಣವೇ, ಪಿಯು (ಪಾಲಿಯುರೆಥೇನ್) ಪೇಂಟು. ಕಂಪನಿ ಬಣ್ಣಕ್ಕಿಂತ ಹೊಳಪು ಸ್ವಲ್ಪ ಜಾಸ್ತಿ ಆಗಿದೆ, ಒಪ್ಪುತ್ತೇನೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು, ನೆನಪಿರಲಿ.

ಎಂಜಿನ್ ಬಗ್ಗೆ ಬರೆಯುವಂಥದ್ದು ಜಾಸ್ತಿ ಇಲ್ಲ. ನಾಝಲ್, ಪಂಪ್ ಕ್ಯಾಲಿಬ್ರೇಷನ್, ಹೀಟರ್ ಪ್ಲಗ್, ಗ್ಯಾಸ್ಕೆಟ್. ಮೀನು ಹೊತ್ತವರು ಎಂಜಿನ್ನನ್ನು ಮಾತ್ರ ಚೆನ್ನಾಗಿ ನೋಡಿಕೊಂಡಿದ್ದರು. ಫೋರ್ ವೀಲ್ ಲಿವರ್ ಜಾಮ್ ಆಗಿತ್ತು, ವರ್ಷಗಟ್ಟಲೆ ಯಾರೂ ಹಾಕಿರಲಿಲ್ಲ ಅಂತ ಕಾಣುತ್ತದೆ. ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಡಬ್ಬ) ಬಿಚ್ಚಿ ಸೀಲು, ಬೇರಿಂಗು ಹಾಕಿದ್ದೇ ಬಂತು.

ದುಡ್ಡು ಕೇಳುತ್ತೀರಿ, ಗೊತ್ತು. ಗಾಡಿ 80, ಚಾಸಿ ವೆಲ್ಡಿಂಗ್ 22, ಟಬ್ ಕೆಲಸ 30ರ ಹತ್ತಿರ, ಎಂಜಿನ್ 45, ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸ್ 28, ಪೇಂಟ್ 40, 6.00-16 ಟೈರು ಐದಕ್ಕೆ 27, ಹುಡ್ 12, ವೈರಿಂಗ್ 9, ಎಲ್ಲಾ ಸಾವಿರದ ಲೆಕ್ಕ. ಡಿಸ್ಕು, ಬ್ರಷ್ಷು, ಬಾಡಿಗೆ, ಚಹಾ ಸೇರಿಸಿದರೆ ಮೂರೂಕಾಲು ಲಕ್ಷ ದಾಟಿದೆ. ಖರ್ಚಿನ ಚೀಟಿ ಬರೆಯುವುದನ್ನು ಎರಡೂವರೆ ಲಕ್ಷಕ್ಕೇ ನಿಲ್ಲಿಸಿದ್ದೆ. ಉಪ್ಪು ತೊಳೆದದ್ದಕ್ಕೆ ಆದ ಖರ್ಚು ಪಿಕಪ್ ಬಾಡಿಗೆ ಮಾತ್ರ. ಮೀನೆಣ್ಣೆಗೆ ಎರಡು ಸಾವಿರವೂ ಆಗಿಲ್ಲ.

ಹದಿನೈದು ವರ್ಷ ದಾಟಿದ ಗಾಡಿ ಅಲ್ವಾ, ಐದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ರಿನ್ಯೂವಲ್. 2022ರ ಏಪ್ರಿಲ್‌ನಿಂದ ಕಾರು ಜೀಪಿಗೆಲ್ಲ ಆ ಫೀ ಐದು ಸಾವಿರ ಆಗಿತ್ತು, ಹಸಿರು ತೆರಿಗೆ ಬೇರೆ. ನಾನು ಕೊಟ್ಟದ್ದು ಆಗಿನ ಆ ದರ. ಇನ್‌ಸ್ಪೆಕ್ಟರ್ ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಿದರು. "ಚಾಸಿ ಬದಲಿಸಿದ್ದೀರಾ?" ಅಂತ ಕೇಳಿದರು. ನಂಬರ್ ತೋರಿಸಿದೆ.

ಹುಬ್ಬಳ್ಳಿಯ ಅದೇ ಗುಜರಿಯವರು ಕಳೆದ ವರ್ಷ ನಾಲ್ಕೂವರೆ ಲಕ್ಷಕ್ಕೆ ಕೇಳಿದರು. ಕೊಡಲಿಲ್ಲ. ಅವರ ಇನ್ನೊಂದು ಜೀಪು, ಅದೂ ಕಡಲ ಕಡೆಯದು, ಈಗ ಭಾವನ ಅಂಗಳದಲ್ಲಿ ನೀರು ಕುಡಿಯುತ್ತಿದೆ. ತೊಳೆಯುವ ದರ ಎಷ್ಟು ಅಂತ ನಾನೂ ಭಾವನೂ ಇನ್ನೂ ತೀರ್ಮಾನ ಮಾಡಿಲ್ಲ.

ನನ್ನದರಲ್ಲಿ ಇನ್ನೂ ಬಾಕಿ ಇರುವುದು ಡೀಸೆಲ್ ಮೀಟರು. ಕಂಪನಿಯ ಹಳೆಯ ಮೀಟರ್ ಸಿಕ್ಕಿಲ್ಲ, ಈಗಿನದು ಯಾವಾಗಲೂ ಅರ್ಧ ಟ್ಯಾಂಕ್ ತೋರಿಸುತ್ತದೆ, ಕೋಲು ಹಾಕಿ ಅಳೆಯುತ್ತೇನೆ. ಯಾರ ಹತ್ತಿರವಾದರೂ ಇದ್ದರೆ ಹೇಳಿ, ಚೌಕಾಸಿ ಮಾಡೋದಿಲ್ಲ. ಜಾಸ್ತಿ ಮಾಡೋದಿಲ್ಲ.